ಉಗುರಿಗೆ ಸಿಗದ ಜೋಡಣೆ

ಬೆಳಗಿನ ಐದು ಗಂಟೆ. ಹರಾರೆಯ ಮುಫಾಕೋಸೆಯಲ್ಲಿ ಕೋಳಿಗಳು ಆಗಲೇ ಎದ್ದಿವೆ, ಕರೆಂಟು ಇನ್ನೂ ಹೋಗಿಲ್ಲ. ಎಡಿತ್ ಅವರ ಅರ್ಧ ಮುಗಿದ ಅಡುಗೆಮನೆಯಲ್ಲಿ ಶುವಾಯಿ ಮುಕಾರೊ ತಾವೇ ನಿನ್ನೆ ಮಾಡಿದ ಕೆಲಸವನ್ನು ಬಿಚ್ಚುತ್ತಿದ್ದಾರೆ. ಎಡಗೈಯಲ್ಲಿ ಬಿಸಿಗಾಳಿ ಊದುವ ಮಷಿನ್ನು, ಬಲಗೈಯಲ್ಲಿ ತೆಳ್ಳನೆಯ ಬ್ಲೇಡು. ಅಡುಗೆಕಟ್ಟೆಯ ಎರಡು ಕರಿಗಲ್ಲಿನ ಚಪ್ಪಡಿಗಳು ಮೂಲೆಯಲ್ಲಿ ಕೂಡುವ ಗೆರೆಗೆ ಗಾಳಿ ಹಾಯಿಸುತ್ತಾರೆ, ಅಂಟು ಮೆತ್ತಗಾಗುವವರೆಗೆ ಕಾಯುತ್ತಾರೆ, ಬ್ಲೇಡು ಇಳಿಸುತ್ತಾರೆ. ಒಂದು ಬೆರಳುದ್ದ ಬಿಡಿಸಲು ಐದು ನಿಮಿಷ ಬೇಕು. ಜೋಡಣೆ ಎರಡು ಅಡಿ ಉದ್ದವಿದೆ, ದಿನಾ ಕರೆಂಟು ತೆಗೆಯುವುದು ಆರು ಗಂಟೆಗೆ.

"ಇನ್ನೊಂಚೂರು ಬಿಸಿ ಮಾಡು ಮಾಯಿ ಕುಂದೈ, ಸಾಡ್ಜಾನೂ ಇದ್ರ ಮೇಲೇ ತಿರುವಿಬಿಡಬಹುದು," ಎಂದು ಚಪ್ಪಡಿಯ ತುದಿಗೆ ಬೆಣೆ ಕೊಡುತ್ತಿರುವ ಜೊತೆಗಾರ ಸೆಕುರು ತೊಬೈವ ಛೇಡಿಸುತ್ತಾರೆ. ಸಾಡ್ಜಾ ಇಲ್ಲಿನ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ; ಸೆಕುರು ಎಂದರೆ ಅಜ್ಜ, ಮಾಯಿ ಕುಂದೈ ಎಂದರೆ ಕುಂದೈಯ ತಾಯಿ. ಮಗಳು ಹುಟ್ಟಿದಾಗಿನಿಂದ ಶುವಾಯಿಯನ್ನು ಎಲ್ಲರೂ ಕರೆಯುವುದು ಹಾಗೆಯೇ.

"ಬಾಯಿ ಆಮೇಲೆ ಆಡಿಸಿ ಸೆಕುರು, ಮೊದಲು ಬೆಣೆ ಸರಿಯಾಗಿ ಕೊಡಿ. ಕಲ್ಲು ಕಾಲ್ ಮೇಲೆ ಬಿದ್ರೆ ನಾನು ಅಂಟು ಹಚ್ಚಕ್ಕೆ ಬರಲ್ಲ."

ಈ ಜೋಡಣೆಯಲ್ಲಿ ತಪ್ಪು ಹಿಡಿದವರು ಎಡಿತ್ ಅವರ ಅತ್ತೆ, ಎಂಬತ್ತನಾಲ್ಕರ ಅಂಬುಯಾ, ಅಂದರೆ ಅಜ್ಜಿ, ರವೀರೊ. ಅಜ್ಜಿಗೆ ಕಣ್ಣು ಮಂಜು. ಎದುರಿಗೆ ಯಾರೋ ನಿಂತಿದ್ದಾರೆ ಎಂಬಷ್ಟು ಮಾತ್ರ ಕಾಣುತ್ತದೆ. ನಿನ್ನೆ ಸಂಜೆ ಅಡುಗೆಮನೆಯ ಹೊಸ್ತಿಲಲ್ಲೇ ನಿಂತು, ಕೈ ಮಾತ್ರ ಒಳಗೆ ಚಾಚಿ, ಹೆಬ್ಬೆರಳಿನ ಉಗುರನ್ನು ಕಟ್ಟೆಯ ಮೇಲೆ ಮೆಲ್ಲಗೆ ಎಳೆದುಕೊಂಡು ಹೋದರು. ಜೋಡಣೆಯ ಮುಂಭಾಗದಲ್ಲಿ ಉಗುರು ತಡೆಯಿತು. ಅಲ್ಲಿ ಒಂದು ಚಪ್ಪಡಿ ಇನ್ನೊಂದಕ್ಕಿಂತ ಒಂದು ಕೂದಲೆಳೆಯಷ್ಟು ಮೇಲಿತ್ತು. ಶುವಾಯಿಯ ಕೆಲಸ ನೋಡಲೆಂದು ಜೊತೆಗೆ ಬಂದಿದ್ದ ನಾನೂ ನನ್ನ ಬೆರಳಿಂದ ಮುಟ್ಟಿ ನೋಡಿದೆ, ನನಗೇನೂ ಸಿಗಲಿಲ್ಲ. "ಬಿರುಕು," ಎಂದರು ಅಜ್ಜಿ, ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಅಂಗಳದ ಮಾವಿನ ಮರದ ಕೆಳಗೆ, ಮೂರು ಕಲ್ಲಿನ ತಮ್ಮ ಒಲೆಯ ಮುಂದೆ ಹೋಗಿ ಕೂತರು.

ಎರಡು ವಾರದಿಂದ ಅವರ ಊಟ ಅಲ್ಲೇ. ಹಳೆಯ ಅಡುಗೆಮನೆ ಕೆಡವಿದ ದಿನ ಮನೆಯವರೆಲ್ಲ ಅಂಗಳದಲ್ಲೇ ಬೇಯಿಸಿಕೊಂಡರು, ಅದರಲ್ಲಿ ವಿಶೇಷವಿಲ್ಲ. ಆದರೆ ಕರಿಗಲ್ಲಿನ ಚಪ್ಪಡಿಗಳು ಒಳಗೆ ಹೋದ ದಿನ ಅಜ್ಜಿ ಗಂಟು ಕಟ್ಟಿದರು. ಆ ಗಂಟು ಈಗಲೂ ಬಾಗಿಲ ಪಕ್ಕದಲ್ಲಿದೆ. ಈ ಕಲ್ಲಿನ ಮೇಲೆ ಬೆಂದದ್ದನ್ನು ತಾನು ತಿನ್ನುವುದಿಲ್ಲ, ಮುಟೊಕೊದ ಹಳ್ಳಿಗೆ ಹೊರಟುಹೋಗುತ್ತೇನೆ ಎನ್ನುವುದು ಅವರ ಹಟ.

"ಇದು ಗೋರಿಕಲ್ಲು. ನನ್ನ ಮಗನ ಎದೆ ಮೇಲೆ ಇರೋದೂ ಇಂಥದ್ದೇ. ಇದ್ರ ಮೇಲೆ ಟೊಮೇಟೊ ಹೆಚ್ಚತೀರಾ ನೀವು?"

ಮಗ ಗಿವ್‌ಮೋರ್ ಲಾರಿ ಓಡಿಸುತ್ತಿದ್ದವರು. ಹೋದ ವರ್ಷ ತೀರಿಕೊಂಡರು. ಹೆಂಡತಿ ಎಡಿತ್ ಕ್ಲಿನಿಕ್ಕಿನಲ್ಲಿ ನರ್ಸು. ಗಂಡ ಹೋದಮೇಲೆ ಹಳ್ಳಿಯಿಂದ ಅತ್ತೆಯನ್ನು ಕರೆತಂದು ಇಟ್ಟುಕೊಂಡಿದ್ದಾರೆ. ಈ ಚಪ್ಪಡಿಗಳನ್ನು ತಂದಿಟ್ಟವರು ಗಿವ್‌ಮೋರ್ ಅವರೇ. ಸಾಯುವ ಮೂರು ವರ್ಷ ಮೊದಲು ಹೆಂಡತಿಗೆ ಒಂದು ಒಳ್ಳೆಯ ಅಡುಗೆಮನೆ ಮಾಡಿಕೊಡುತ್ತೇನೆಂದು ಲಾರಿಯಲ್ಲಿ ಹೇರಿಕೊಂಡು ಬಂದಿದ್ದರು, ಅವು ಹಿತ್ತಲ ಗೋಡೆಗೆ ಒರಗಿಕೊಂಡೇ ಇದ್ದವು. ಅದನ್ನು ಮುಗಿಸಬೇಕೆಂಬುದು ಎಡಿತ್ ಅವರ ಆಸೆ. ಅತ್ತೆ ಮನೆ ಬಿಡಬಾರದು ಎಂಬುದೂ ಅವರ ಆಸೆಯೇ. ಎರಡು ಆಸೆಗಳ ನಡುವೆ ಈಗ ಎರಡು ಅಡಿ ಉದ್ದದ ಒಂದು ಗೆರೆ ನಿಂತಿದೆ.

ಇನ್ನೊಬ್ಬ ಕೆಲಸಗಾರರಾಗಿದ್ದರೆ ಕಣ್ಣು ಕಾಣದ ಮುದುಕಿಯ ಮಾತು ಎಂದು ಕೈ ತೊಳೆದುಕೊಂಡು ಹೋಗುತ್ತಿದ್ದರು. ಶುವಾಯಿ ಹೋಗಲಿಲ್ಲ. "ಅಂಬುಯಾ ಹೇಳಿದ್ದು ನಿಜ. ತಪ್ಪು ನಂದೇ," ಎನ್ನುತ್ತಾರೆ. ಅಕ್ಟೋಬರಿನ ಸೆಕೆಯಲ್ಲಿ ಅಂಟು ಬೇಗ ಕಚ್ಚಿಕೊಳ್ಳುತ್ತದೆ, ಕಲ್ಲನ್ನು ಮಟ್ಟಕ್ಕೆ ತರುವಷ್ಟು ಹೊತ್ತು ಕೊಡುವುದಿಲ್ಲ. ಅದಕ್ಕೇ ಅವರು ಜೋಡಿಸುವುದು ಬೆಳಗಿನ ತಂಪಿನಲ್ಲಿ ಮಾತ್ರ. ಮೊನ್ನೆ ಮೋಡ ಕಟ್ಟಿತ್ತು, ಮಳೆ ಬರುವುದರೊಳಗೆ ಅತ್ತೆಯನ್ನು ಒಳಗೆ ಕರೆದುಕೊಳ್ಳಬೇಕು ಎಂದು ಎಡಿತ್ ಅವಸರ ಮಾಡಿದರು. ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ಶುವಾಯಿ ತಮ್ಮ ನಿಯಮ ತಾವೇ ಮುರಿದು ಅಂಟು ಕಲಸಿದರು.

ಶುವಾಯಿಗೆ ಈಗ ಐವತ್ತೆರಡು. ಊರಾಚೆಯ ಎಪ್ವರ್ತ್‌ನಲ್ಲಿ ಮನೆ. ಇಪ್ಪತ್ತನಾಲ್ಕು ವರ್ಷದ ಹಿಂದೆ ಕಲ್ಲು ಕೊಯ್ಯುವ ಒಂದು ಅಂಗಳದ ಗೇಟಿನಲ್ಲಿ ಟೀ ಮಾರುತ್ತಿದ್ದರು. ಗಂಡ ಜೋರಂ ಒಳಗೆ ಪಾಲಿಶ್ ಮಾಡುತ್ತಿದ್ದರು. ಆಗ ನೀರು ಬಿಟ್ಟು ಪಾಲಿಶ್ ಮಾಡುವ ಪದ್ಧತಿ ಇರಲಿಲ್ಲ, ದೂಳೆಲ್ಲ ಎದೆಗೆ ಹೋಗುತ್ತಿತ್ತು. ಕೆಮ್ಮಿ ಕೆಮ್ಮಿಯೇ ಹೋದರು. ಸೆಕುರು ತೊಬೈವ ಜೋರಂ ಅವರ ಆಪ್ತ ಗೆಳೆಯರು. ಈ ಕಡೆ ಅಂಥ ಗೆಳೆಯನಿಗೆ ಸತ್ತವನ ಶವ ತೊಳೆಯುವ ಹಕ್ಕೂ ಉಂಟು, ಸಾವಿನ ಮನೆಯಲ್ಲಿ ನಗಿಸುವ ಹಕ್ಕೂ ಉಂಟು. ಎರಡನ್ನೂ ಮಾಡಿದರು. ಮೂರನೆಯ ವಾರ ಶುವಾಯಿಯನ್ನು ಅಂಗಳದ ಒಳಗೆ ಕರೆದುಕೊಂಡು ಹೋಗಿ, ಚಪ್ಪಡಿ ತೊಳೆಯುವ ಕೆಲಸಕ್ಕೆ ಹಚ್ಚಿದರು. ಹೆಂಗಸರಿಗೆ ಅಲ್ಲಿ ಕೊಡುತ್ತಿದ್ದುದು ಅದೊಂದೇ ಕೆಲಸ.

"ತೊಳೆದ್ ತೊಳೆದೇ ಕಲಿತೆ ನಾನು. ಕಪ್ಪು ಅಂದ್ರೆ ಒಂದೇ ಕಪ್ಪು ಅನ್ಕೊಂಡಿದ್ರಾ? ಒಣಗಿದ್ದಾಗ ಎಲ್ಲಾ ಒಂದೇ. ನೀರು ಹಾಕಿ ನೋಡಿ, ಒಂದು ನೀಲಿಗೆ ತಿರುಗತ್ತೆ, ಒಂದು ಕಂದು. ಗಂಡಸರು ಒಣ ಕಲ್ಲು ನೋಡಿ ಜೋಡಿ ಮಾಡ್ತಿದ್ರು. ಸಿಂಕಿನ ಹತ್ರ ನೀರು ಬಿದ್ದ ತಕ್ಷಣ ಒಂದೇ ಕಟ್ಟೆಗೆ ಎರಡು ಬಣ್ಣ."

ಆ ಜೋಡಿ ಸರಿಯಿಲ್ಲ ಎಂದು ಬಾಯಿಬಿಟ್ಟ ದಿನ ಅಂಗಳದವರು ನಕ್ಕರಂತೆ. ಎರಡು ವರ್ಷ ಕಳೆದಮೇಲೆ ಯಾವ ಜೋಡಿಗೂ ಅವರನ್ನು ಕೇಳದೆ ಕಲ್ಲು ಕೊಯ್ಯುತ್ತಿರಲಿಲ್ಲ. "ಚಿಹೇರಾ ಕುಲದ ಹೆಂಗಸು, ಸುಮ್ನೆ ಇರು ಅಂದ್ರೆ ಇರ್ತಾಳಾ?" ಎನ್ನುತ್ತಾರೆ ತೊಬೈವ. ಆ ಕುಲದ ಹೆಂಗಸರು ಜೋರು ಎಂಬ ಮಾತು ಊರಿಗೆಲ್ಲ ಗೊತ್ತು. ಶುವಾಯಿ ಅದನ್ನು ಅಲ್ಲಗಳೆಯುವ ಗೋಜಿಗೂ ಹೋಗುವುದಿಲ್ಲ.

ಈಗ ವಾರಕ್ಕೆ ಎರಡು ಅಡುಗೆಮನೆ, ಇಪ್ಪತ್ತೆರಡು ವರ್ಷದಿಂದ. ಕೆಲಸವಿಲ್ಲದೆ ಕೂತ ದಿನಗಳನ್ನು ಕಳೆದು ಲೆಕ್ಕ ಹಾಕಿ, ಸಾವಿರದ ಐನೂರು ಜೋಡಣೆಯಾದರೂ ಆಗಿರಬೇಕಲ್ಲ ಎಂದು ಕೇಳಿದರೆ ಕೈ ಕೊಡವುತ್ತಾರೆ. "ನಿಮಗೆ ಬೇರೆ ಕೆಲಸ ಇಲ್ವಾ?"

ಕಲ್ಲು ಆರಿಸಲು ಬರುವವರಿಗೆ ಶುವಾಯಿ ಮೊದಲು ಕಲ್ಲು ತೋರಿಸುವುದಿಲ್ಲ. ಏನು ಅಡುಗೆ ಮಾಡುತ್ತೀರಿ ಎಂದು ಕೇಳುತ್ತಾರೆ. ನಾನು ಹೋದಾಗ ನನಗೆ ಬಿಳಿ ಅಮೃತಶಿಲೆ ಬೇಕಿತ್ತು. ನನ್ನ ಬೆರಳ ತುದಿಯ ಅರಿಶಿನವನ್ನು ಒಂದು ಗಳಿಗೆ ನೋಡಿ, "ಬೇಡ," ಎಂದರು. ವಾದ ಮಾಡಿದೆ. ಒಂದು ಚೂರು ಬಿಳಿಕಲ್ಲು ಕೈಗಿಟ್ಟು, ಇದರ ಮೇಲೆ ನಿಮ್ಮ ಸಾರು ಒಂದು ರಾತ್ರಿ ಇಟ್ಟು ನಾಳೆ ಬನ್ನಿ ಎಂದು ಕಳಿಸಿದರು. ಮರುದಿನ ತೆಪ್ಪಗೆ ಹೋಗಿ ಅವರು ಹೇಳಿದ ಕಲ್ಲನ್ನೇ ಒಪ್ಪಿಕೊಂಡೆ. ಅಂಗಡಿಯಲ್ಲಿ ಮಿಂಚುವ ಕಾರ್ಖಾನೆಯ ಕಲ್ಲುಗಳನ್ನು ಕೇಳುವವರಿಗೆ, ಒಲೆಯಿಂದ ಇಳಿಸಿದ ಸಾಡ್ಜಾದ ಗಡಿಗೆಯನ್ನು ಎಲ್ಲಿಡುತ್ತೀರಿ ಎಂದು ಕೇಳುತ್ತಾರೆ. ಅಂಥ ಕಲ್ಲಿನಲ್ಲಿರುವ ಅಂಟು ಬಿಸಿಗೆ ಸುಟ್ಟು ಕಲೆಯಾಗುತ್ತದೆ. ಕಪ್ಪು ಕಲ್ಲೇ ಬೇಕೆಂದರೆ ಮೂಲೆಗೆ ಥಿನ್ನರ್ ಹಚ್ಚಿ ಒರೆಸುತ್ತಾರೆ. ಬಟ್ಟೆ ಕಪ್ಪಾದರೆ ಅದು ಬಣ್ಣ ಬಳಿದ ಕಲ್ಲು.

ಕಟ್ಟೆಯ ಎತ್ತರ ಗೊತ್ತುಮಾಡುವುದಕ್ಕೆ ಟೇಪು ಸಾಲದು. ಮನೆಯಲ್ಲಿ ಸಾಡ್ಜಾ ತಿರುವುವವರು ಯಾರೋ ಅವರ ಕೈಗೆ ಖಾಲಿ ಪಾತ್ರೆ, ಮರದ ಕೋಲು ಕೊಟ್ಟು ತಿರುವಿ ತೋರಿಸಿ ಎನ್ನುತ್ತಾರೆ. ಗಟ್ಟಿ ಹಿಟ್ಟನ್ನು ತಿರುವಲು ಭುಜದ ಭಾರವೆಲ್ಲ ಕೆಳಗಿಳಿಯಬೇಕು. ಕಟ್ಟೆ ಎರಡು ಇಂಚು ಎತ್ತರವಾದರೂ ವರ್ಷದೊಳಗೆ ಹೆಗಲು ನೋವು. ಹೋದ ವಾರ ಎಡಿತ್ ಕಟ್ಟೆಯಿಲ್ಲದ ಅಡುಗೆಮನೆಯಲ್ಲಿ, ನರ್ಸಿನ ಬಿಳಿ ಉಡುಪಿನಲ್ಲೇ, ಏನೂ ಇಲ್ಲದ ಪಾತ್ರೆಯನ್ನು ಬೆವರು ಬರುವಂತೆ ತಿರುವಿದರು. "ಉಪ್ಪು ಕಮ್ಮಿ ಇದೆ," ಎಂದರು ತೊಬೈವ. ಮಾವಿನ ಮರದ ಕೆಳಗಿಂದ ಅಜ್ಜಿ ಕೂಗಿದರು: "ಅವಳು ನಿಜವಾದ ಸಾಡ್ಜಾಕ್ಕೂ ಹಾಗೇ ತಿರುವೋದು, ಗಂಟು ಗಂಟು!" ಆ ಮನೆಯಲ್ಲಿ ಆ ವಾರ ಎಲ್ಲರೂ ಒಟ್ಟಿಗೆ ನಕ್ಕಿದ್ದು ಅದೊಂದೇ ಸಲ.

ಶುವಾಯಿಗೆ ಇನ್ನೊಂದು ಪದ್ಧತಿಯಿದೆ. ಊರಿನ ಬೇರೆ ಯಾರಲ್ಲೂ ನಾನು ಅದನ್ನು ನೋಡಿಲ್ಲ. ಚಪ್ಪಡಿ ಕೂರಿಸುವ ಮೊದಲು ಅದರ ತಳವನ್ನು ಮನೆಯವರಿಗೆ ತೋರಿಸುತ್ತಾರೆ. ಅದಕ್ಕವರು ಕಲ್ಲಿನ ಹೊಟ್ಟೆ ಎನ್ನುತ್ತಾರೆ. ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಅಂಗಳದವರು ಕೊಟ್ಟ ಚಪ್ಪಡಿಯೊಂದನ್ನು ಒಂದು ಮನೆಗೆ ಕೂರಿಸಿ ಬಂದಿದ್ದರು. ಆರು ತಿಂಗಳಾದ ಮೇಲೆ ನಲ್ಲಿ ರಿಪೇರಿಯವನು ಸಿಂಕಿನ ಕೆಳಗೆ ಅಂಗಾತ ಮಲಗಿ ಟಾರ್ಚು ಹಾಕಿದರೆ, ಮೇಲೆ ಒಬ್ಬ ಹೆಂಗಸಿನ ಹೆಸರು, ಹುಟ್ಟಿದ ದಿನ, ಸತ್ತ ದಿನ. ಮನೆಯವರು ಬಾರದೆ ಅಂಗಳದಲ್ಲೇ ಉಳಿದಿದ್ದ ಗೋರಿಕಲ್ಲನ್ನು ಯಾರೋ ಮಗುಚಿ ಪಾಲಿಶ್ ಮಾಡಿದ್ದರು. ಇಲ್ಲಿ ಗೋರಿಗೂ ಅಡುಗೆಕಟ್ಟೆಗೂ ಒಂದೇ ಅಂಗಳ, ಒಂದೇ ಕಲ್ಲು, ಒಂದೇ ಗರಗಸ.

"ಆರು ತಿಂಗಳು ಆ ಮನೆ ಮಕ್ಕಳು ಅದ್ರ ಮೇಲೆ ಬ್ರೆಡ್ಡು ತಿಂದಿದ್ರು. ಆ ತಾಯಿ ನನ್ನನ್ನು ಬೈಯಲೇ ಇಲ್ಲ. ಬೈದಿದ್ರೆ ಚೆನ್ನಾಗಿತ್ತು. ಸುಮ್ನೆ ನೋಡ್ತಾ ನಿಂತಿದ್ರು. ನಾನು ಬಗ್ಗಿ ನೋಡಿರಲಿಲ್ಲ, ಅಷ್ಟೇ ನನ್ನ ತಪ್ಪು. ಆದ್ರೆ ಅದು ಸಣ್ಣ ತಪ್ಪಾ?" ಅದನ್ನು ಹೇಳುವಾಗ ಈಗಲೂ ಅವರ ದನಿ ತಗ್ಗುತ್ತದೆ. ಆ ಕಲ್ಲನ್ನು ತಾವೇ ಕಿತ್ತು, ಆ ಹೆಂಗಸಿನ ಮನೆಯವರನ್ನು ನಾಲ್ಕು ತಿಂಗಳು ಹುಡುಕಿ, ಗೋರಿಯ ಮೇಲೆ ಇಡಿಸಿ ಬಂದರು.

ಎಡಿತ್ ಅವರ ಕಲ್ಲಿನ ಹೊಟ್ಟೆಯನ್ನು ಎಡಿತ್ ನೋಡಿದ್ದರು. ಅಜ್ಜಿ ನೋಡಿರಲಿಲ್ಲ, ಒಳಗೇ ಬಂದಿರಲಿಲ್ಲ. ನಿನ್ನೆ ಸಂಜೆ ಎಡಿತ್ ಶುವಾಯಿಯನ್ನು ಗೇಟಿನ ಹತ್ತಿರ ಕರೆದುಕೊಂಡು ಹೋದರು. ನಾನೂ ಪಕ್ಕದಲ್ಲಿದ್ದೆ. "ಮಾಯಿ ಕುಂದೈ, ಅಂಬುಯಾ ಕೇಳಿದ್ರೆ ಬೇರೆ ಗುಡ್ಡದ್ದು ಅಂದುಬಿಡಿ. ನಾನು ಹಾಗೇ ಹೇಳಿದೀನಿ. ಕಣ್ಣು ಕಾಣಲ್ಲ ಅವರಿಗೆ, ಗೊತ್ತಾಗಲ್ಲ," ಎಂದರು. ಗಂಡ ತಂದದ್ದು ಮೂರು ಚಪ್ಪಡಿ, ಮುಟೊಕೊದ ಗುಡ್ಡದ ಒಂದೇ ಬಂಡೆಯಿಂದ ಸೀಳಿದವು. ಅದರಲ್ಲೊಂದು ಈಗ ಅವರ ಗೋರಿಯ ಮೇಲಿದೆ. ಅದನ್ನು ಕೊಯ್ದು ಪಾಲಿಶ್ ಮಾಡಿದವರು ಶುವಾಯಿಯೇ. ಬೆಳಗ್ಗೆ ಐದಕ್ಕೆ ಬರುತ್ತೇನೆ ಎಂದಷ್ಟೇ ಹೇಳಿ ಗಾಡಿ ಹತ್ತಿದರು.

ಈಗ ಆರಕ್ಕೆ ಹತ್ತು ನಿಮಿಷ. ಅಂಟು ಪೂರ್ತಿ ಬಿಟ್ಟಿದೆ. ಬೀದಿಯ ಇಬ್ಬರು ಗಂಡಸರು ಕೈ ಕೊಡುತ್ತಾರೆ. ನೂರಾ ಹತ್ತು ಕಿಲೋ ತೂಗುವ ಚಪ್ಪಡಿಯನ್ನು ಎತ್ತಿ, ಕಂಬಳಿ ಹಾಸಿದ ನೆಲದ ಮೇಲೆ ಅಂಚಿಗೆ ನಿಲ್ಲಿಸುತ್ತಾರೆ. ತೊಬೈವ ಅದನ್ನು ಎದೆಗೆ ಆನಿಸಿಕೊಂಡು ನಿಲ್ಲುತ್ತಾರೆ. ಶುವಾಯಿ ಕೈ ತೊಳೆದು ಅಂಗಳಕ್ಕೆ ಹೋಗಿ, ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ.

"ಅಂಬುಯಾ, ಕಲ್ಲಿನ ಹೊಟ್ಟೆ ನೀವು ನೋಡಿಲ್ಲ. ನಾನು ತೋರಿಸದೆ ಕೂರಿಸಬಾರದಿತ್ತು. ಬಂದು ಮುಟ್ಟಿ."

ಅಜ್ಜಿ ತುಂಬ ಹೊತ್ತು ಏಳುವುದಿಲ್ಲ. ಕೊನೆಗೆ ಶುವಾಯಿಯ ಹೆಗಲು ಹಿಡಿದು ಎದ್ದು, ಮೊದಲ ಸಲ ಆ ಹೊಸ್ತಿಲು ದಾಟುತ್ತಾರೆ. ಪಾಲಿಶ್ ಇಲ್ಲದ ಒರಟು ತಳದ ಮೇಲೆ ಎರಡೂ ಅಂಗೈ ಇಟ್ಟು ಮೇಲಿಂದ ಕೆಳಗೆ, ಅಂಚಿಂದ ಅಂಚಿಗೆ ಸವರುತ್ತಾರೆ. ಹೆಸರಿಲ್ಲ, ಅಕ್ಷರವಿಲ್ಲ. ಆಮೇಲೆ ಕೇಳುತ್ತಾರೆ: "ಯಾವ ಗುಡ್ಡದ್ದು ಇದು?"

ಎಡಿತ್ ಅಡುಗೆಮನೆಯ ಗ್ಯಾಸ್ ಒಲೆಯ ಪಕ್ಕ ನಿಂತಿದ್ದಾರೆ. ಶುವಾಯಿಯ ಕಡೆಗೇ ನೋಡುತ್ತಿದ್ದಾರೆ.

"ನಿಮ್ಮೂರ ಗುಡ್ಡದ್ದೇ ಅಂಬುಯಾ," ಎನ್ನುತ್ತಾರೆ ಶುವಾಯಿ. "ನಿಮ್ಮ ಮಗ ಮೂರು ತಂದಿದ್ರು, ಒಂದೇ ಬಂಡೆಯವು. ಒಂದು ಅವರ ಮೇಲಿದೆ, ಎರಡು ಇಲ್ಲಿವೆ. ಮೂರನ್ನೂ ಕೊಯ್ದವಳು ನಾನೇ."

ಆ ಕ್ಷಣ ನನಗೆ ಶುವಾಯಿಯ ಮೇಲೆ ಸಿಟ್ಟೇ ಬಂತು. ಒಂದು ಸುಳ್ಳಿನಿಂದ ಒಂದು ಮನೆ ಉಳಿಯುತ್ತಿತ್ತಲ್ಲ ಎನಿಸಿತು. ಎಡಿತ್ ಬಾಯಿಗೆ ಸೆರಗಿನಂತೆ ಅಂಗೈ ಅಡ್ಡ ಹಿಡಿದಿದ್ದಾರೆ. ಅಜ್ಜಿಯ ಕೈ ಮಾತ್ರ ಕಲ್ಲು ಬಿಟ್ಟಿಲ್ಲ.

"ಊರಲ್ಲಿ ನನ್ನ ಚಿಕುವ ನಾನೇ ಕಟ್ಟಿದ್ದು," ಎಂದು ಯಾರಿಗೋ ಹೇಳುವಂತೆ ಶುರುಮಾಡುತ್ತಾರೆ. ಹಳ್ಳಿಯ ದುಂಡು ಅಡುಗೆಮನೆಯಲ್ಲಿ, ಬಾಗಿಲಿಗೆ ಎದುರಾಗಿ, ಗೋಡೆಗೆ ಸೇರಿಸಿ ಹುತ್ತದ ಮಣ್ಣಿನಲ್ಲಿ ಕಟ್ಟುವ ಕಟ್ಟೆ ಅದು. ಗಡಿಗೆಗಳು ಇರುವುದು ಅದರ ಮೇಲೆ, ಮನೆಯ ಗತಿಸಿದ ಹಿರಿಯರು ಇರುವುದೂ ಅಲ್ಲೇ ಎಂದು ನಂಬಿಕೆ. ಬಿರುಕು ಬಿಟ್ಟರೆ ಹೆಂಗಸರಿಗೆ ಜೀವ ಹೋದಂತಾಗುತ್ತದೆ. "ಗಿವ್‌ಮೋರ್‌ನ ಮಣ್ಣಿಗೆ ಕೊಂಡೊಯ್ಯೋ ಮುಂಚಿನ ರಾತ್ರಿ ಅದ್ರ ಬುಡದಲ್ಲೇ ಮಲಗಿಸಿದ್ರು. ಬೆಳಿಗ್ಗೆ ಎತ್ಕೊಂಡು ಹೋದ್ರು. ಆಮೇಲೆ ಅದೇ ಚಿಕುವದಿಂದ ಗಡಿಗೆ ಇಳಿಸಿ ಬಂದೋರಿಗೆಲ್ಲ ಅಡುಗೆ ಮಾಡಿದ್ದು ನಾನೇ. ಯಾರು ಬೇಡ ಅಂದ್ರು? ಯಾರೂ ಅನ್ನಲಿಲ್ಲ."

ಆಮೇಲೆ ಸೊಸೆಯ ಕಡೆ ತಿರುಗುತ್ತಾರೆ. "ಬೇರೆ ಗುಡ್ಡದ್ದು ಅಂದ್ಯಲ್ಲೇ ನೀನು."

"ನೀವು ಹೊರಟುಹೋಗ್ತೀರ ಅಂತ ಹೆದರಿದೆ ಅಂಬುಯಾ," ಎಡಿತ್ ಅಲ್ಲೇ ಮಂಡಿಯೂರಿದ್ದಾರೆ, ಅಳುತ್ತಿದ್ದಾರೆ.

"ಕಲ್ಲಿಗಲ್ಲ, ನಿನ್ನ ಸುಳ್ಳಿಗೆ ಹೊರಡಬೇಕು ನಾನು."

"ಹೊರಡೋದಾದ್ರೆ ಈಗ್ಲೇ ಹೇಳಿಬಿಡಿ ಅಂಬುಯಾ," ಎಂದು ಚಪ್ಪಡಿಯ ಆಚೆಯಿಂದ ತೊಬೈವ ನರಳುತ್ತಾರೆ. "ಕಲ್ಲು ತಬ್ಕೊಂಡು ನಿಂತಿರೋನು ನಾನು. ಹೆಂಡ್ತೀನೂ ಇಷ್ಟು ಹೊತ್ತು ತಬ್ಕೊಂಡಿಲ್ಲ."

ಅಜ್ಜಿಗೆ ನಗು ತಡೆಯಲಾಗುವುದಿಲ್ಲ. ನಗುತ್ತಲೇ ಕಣ್ಣು ಒರೆಸಿಕೊಳ್ಳುತ್ತಾರೆ. "ಇಡ್ರೋ ಅದನ್ನ. ಆದ್ರೆ ನನ್ನ ಉಗುರಿಗೆ ಸಿಗಬಾರದು."

ಚಪ್ಪಡಿ ಮತ್ತೆ ಮೇಲೇರುತ್ತದೆ. ಶುವಾಯಿ ಎರಡೂ ಅಂಚುಗಳನ್ನು ಥಿನ್ನರಿನಿಂದ ಒರೆಸುತ್ತಾರೆ. ಮೊದಲು ಅಂಟಿಲ್ಲದೆ ಒಮ್ಮೆ ಕೂಡಿಸಿ, ರಸಮಟ್ಟ ಇಟ್ಟು, ಕೆಳಗೆ ಕಾಗದದಷ್ಟು ತೆಳ್ಳನೆಯ ಬೆಣೆ ಕೊಟ್ಟು ಸರಿಮಾಡುತ್ತಾರೆ. ಆಮೇಲೆ ಅಂಟಿಗೆ ಕಪ್ಪು ಪುಡಿ ಬೆರೆಸಿ, ಒಂದು ಹನಿ ಒದ್ದೆ ಕಲ್ಲಿನ ಮೇಲಿಟ್ಟು ಬಣ್ಣ ನೋಡುತ್ತಾರೆ, ಕಾಲು ಚಮಚ ಕಂದು ಸೇರಿಸುತ್ತಾರೆ. ಅಂಟು ತುಂಬಿ, ಕ್ಲ್ಯಾಂಪು ಬಿಗಿಯುತ್ತಾರೆ. ಒಂದು ಕೈ ಕ್ಲ್ಯಾಂಪಿನ ಮೇಲಿದ್ದರೆ ಇನ್ನೊಂದರ ಹೆಬ್ಬೆರಳಿನ ಉಗುರು ಗೆರೆಯ ಮೇಲೆ ಹಿಂದೆ ಮುಂದೆ ಓಡಾಡುತ್ತಲೇ ಇರುತ್ತದೆ. ಕರೆಂಟು ಯಾವಾಗಲೋ ಹೋಗಿದೆ, ಯಾರೂ ಗಮನಿಸಿಲ್ಲ. ಗಟ್ಟಿಯಾದ ಮೇಲೆ ಉಳಿದ ಅಂಟನ್ನು ಬ್ಲೇಡಿನಿಂದ ಹೆರೆದು, ಕೈಯಲ್ಲೇ ನೀರು ಹಾಕಿ ಉಜ್ಜಿ ಉಜ್ಜಿ ಹೊಳಪು ತರುತ್ತಾರೆ. ಹತ್ತು ಗಂಟೆಯಾಗುತ್ತದೆ. ಎಡಿತ್ ಇವತ್ತು ಕ್ಲಿನಿಕ್ಕಿಗೆ ಹೋಗಿಲ್ಲ.

ಅಜ್ಜಿ ಬಂದು ಉಗುರು ಎಳೆಯುತ್ತಾರೆ. ಒಮ್ಮೆ, ಎರಡು ಸಲ, ಮೂರನೆಯ ಸಲ ಅಡ್ಡಡ್ಡಲಾಗಿ. ಉಗುರು ಎಲ್ಲೂ ನಿಲ್ಲುವುದಿಲ್ಲ.

"ಎಲ್ಲಿದೆ?" ಎಂದು ಕೇಳುತ್ತಾರೆ.

ಶುವಾಯಿ ಬ್ಲೇಡು ಒರೆಸತೊಡಗುತ್ತಾರೆ. ಅವರು ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ನನಗೆ ಗೊತ್ತು. ನನ್ನ ಮನೆಯ ಕಟ್ಟೆ ಜೋಡಿಸಿ ಹನ್ನೊಂದು ವರ್ಷವಾಯಿತು, ಅದರಲ್ಲಿ ಜೋಡಣೆ ಎಲ್ಲಿದೆಯೋ ಇವತ್ತಿಗೂ ನನಗೆ ಸಿಕ್ಕಿಲ್ಲ. ಎಷ್ಟು ಕೇಳಿದರೂ, "ಹೇಳಿದ್ರೆ ನಿಮ್ಮ ಕಣ್ಣು ದಿನಾ ಅಲ್ಲಿಗೇ ಹೋಗತ್ತೆ," ಎಂದು ಮಾತು ಮುಗಿಸುತ್ತಾರೆ.

"ಹೇಳಮ್ಮ," ಎನ್ನುತ್ತಾರೆ ಅಜ್ಜಿ. "ಒಂದು ಅಲ್ಲಿದೆ, ಎರಡು ಇಲ್ಲಿವೆ ಅಂದೆ. ಈ ಎರಡು ಎಲ್ಲಿ ಕೂಡಿದಾವೆ ಅಂತ ನನಗೆ ಗೊತ್ತಿರಬೇಕು. ತಾಯಿ ನಾನು."

ಶುವಾಯಿ ಅಜ್ಜಿಯ ತೋರುಬೆರಳನ್ನು ಹಿಡಿದುಕೊಂಡು ಗೋಡೆಯ ಅಂಚಿನಿಂದ ಮುಂದಿನ ಅಂಚಿನವರೆಗೆ ಗೆರೆಯುದ್ದಕ್ಕೂ ಮೆಲ್ಲಗೆ ನಡೆಸುತ್ತಾರೆ. ಅಜ್ಜಿ ತಲೆಯಾಡಿಸುತ್ತಾರೆ. ಆಮೇಲೆ ಬಾಗಿಲ ಬಳಿಯ ಗಂಟನ್ನು ತರಿಸಿ, ಬಿಚ್ಚಿ, ಬಟ್ಟೆಗಳ ನಡುವಿನಿಂದ ಹೊಗೆ ಹಿಡಿದ ಒಂದು ಪುಟ್ಟ ಮಣ್ಣಿನ ಗಡಿಗೆ ತೆಗೆಯುತ್ತಾರೆ. ಅದನ್ನು ಬೆರಳು ಇದ್ದ ಕಡೆಯೇ, ಎರಡೂ ಚಪ್ಪಡಿಗಳ ಮೇಲೆ ಕೂರುವಂತೆ ಇಡುತ್ತಾರೆ. ಎರಡು ಕೈ ಬಟ್ಟಲು ಮಾಡಿ ತಟ್ಟುತ್ತಾ, "ಚಿಹೇರಾ," ಎಂದು ಶುವಾಯಿಯನ್ನು ಕುಲದ ಹೆಸರು ಹಿಡಿದು ಕರೆಯುತ್ತಾರೆ. ಇಲ್ಲಿ ಹಿರಿಯರು ಕೊಡುವ ದೊಡ್ಡ ವಂದನೆ ಅದೇ. ಮರುಕ್ಷಣವೇ ಸೊಸೆಗೆ, "ಏನು ನೋಡ್ತಾ ನಿಂತೆ? ನೀರಿಡು. ಗಂಟಾಗದಂಗೆ ತಿರುವು."

ಶುವಾಯಿ ಗಾಡಿಗೆ ಸಾಮಾನು ತುಂಬುವಾಗ, ನಿಮ್ಮ ಮನೆಯ ಕಟ್ಟೆ ಯಾವ ಕಲ್ಲಿನದು ಎಂದು ಕೇಳುತ್ತೇನೆ. ಸಿಮೆಂಟಿನದಂತೆ. "ದಿನವೆಲ್ಲ ಕಲ್ಲಿನ ಜೊತೆ ಇರ್ತೀನಿ. ಮನೇಲಾದ್ರೂ ಕಲ್ಲು ಬೇಡ ಅಂತ," ಎಂದು ನಗುತ್ತಾರೆ. ಗಾಡಿಯ ಬಾಗಿಲು ಹಾಕಿಕೊಳ್ಳುವ ಮುಂಚೆ ಒಂದು ಸಲ ಆ ಮನೆಯ ಕಡೆ ನೋಡುತ್ತಾರೆ. ಕಿಟಕಿಯಿಂದ ಹಬೆ ಬರುತ್ತಿದೆ, ಅಜ್ಜಿ ಯಾರನ್ನೋ ಗದರುತ್ತಿರುವುದು ಕೇಳುತ್ತಿದೆ.

"ಇಪ್ಪತ್ತೆರಡು ವರ್ಷ ಆಯ್ತು," ಎನ್ನುತ್ತಾರೆ ಶುವಾಯಿ. "ಜೋಡಣೆ ಇಲ್ಲಿದೆ ಅಂತ ಕೈ ಹಿಡಿದು ತೋರಿಸಿದ್ದು ಇವತ್ತೇ ಮೊದಲು."